ಎತ್ತರಿಸಿದ ಲಾರಿಗೆ ಉದ್ದದ ಬ್ರೇಕ್ ಪೈಪು

ದೋಣಿಯ ಹತ್ತಿರ ಐಸ್ ಪೆಟ್ಟಿಗೆ ಇಳಿಸುವಾಗ ಜಾರಿಬಿದ್ದ ಮೇಲೆ ನನ್ನ ಬಲ ಮೊಣಕಾಲು ಸರಿಯಾಗಿ ಮಡಚಲೇ ಇಲ್ಲ. ಇಪ್ಪತ್ತು ವರ್ಷ ಮೀನು ಹೇರಿದ ನಮ್ಮ ಪುಟ್ಟ ಹಳೇ ಲಾರಿ ಅಂಗಳದಲ್ಲಿ ನಿಂತುಬಿಟ್ಟಿತು. ಮಾರಿಬಿಡೋಣ ಎಂದೆ. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ನನ್ನ ಹೆಂಡತಿ ಒಪ್ಪಲಿಲ್ಲ. ಡ್ರೈವಿಂಗ್ ಕಲಿತಳು, ಲೈಸೆನ್ಸನ್ನೂ ಮಾಡಿಸಿಕೊಂಡು ಬಂದಳು.

ಬೀಜಾಡಿಯ ಕಡಲತಡಿಗೆ ಹೋಗುವ, ಮರಳು ತುಂಬಿದ ಹೊಯಿಗೆ ದಾರಿಯಲ್ಲಿ ಲಾರಿಯ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಅವಳಿಗೆ ಸುಲಭವಾಗಲೆಂದು ಪರಿಚಯದ ವೆಲ್ಡರ್ ಒಬ್ಬನನ್ನು ಕರೆಸಿ, ಸ್ಪ್ರಿಂಗ್ ಪಟ್ಟಿಗಳನ್ನು ಹೆಚ್ಚಿಸಿ ಗಾಡಿಯನ್ನು ಎತ್ತರ ಮಾಡಿಸಿದೆ. ಬ್ರೇಕಿನ ಯೋಚನೆಯೇ ನನಗೆ ಬರಲಿಲ್ಲ.

ಮೊದಲ ದಿನ ಹೊರಡುವ ಮುನ್ನ ಅವಳು ಗಾಡಿಯಡಿಗೆ ಬಗ್ಗಿ ನೋಡಿದಳು.

"ಹ್ವಾಯ್, ಇಲ್ಲ್ ಕಾಣಿ. ಈ ರಬ್ಬರ್ ಪೈಪ್ ಎಂತಕೆ ಇಷ್ಟ್ ಬಿಗಿ ಇತ್ತ್?"

"ಅದೆಂತ ಆತಿಲ್ಲೆ. ನೀ ಹೊರಡ್," ಎಂದೆ, ಪಕ್ಕದ ಸೀಟಿನಲ್ಲಿ ಕೂತಲ್ಲಿಂದಲೇ.

ಕೋಟೇಶ್ವರದಿಂದ ಬೀಜಾಡಿ ದಾರಿಗೆ ತಿರುಗಿದ ಮೇಲೆ ಮುಂದಿನ ಚಕ್ರ ಒಂದು ಹೊಂಡಕ್ಕೆ ಇಳಿದು ಎದ್ದಿತು.

"ಬ್ರೇಕ್ ಹಿಡೀತಿಲ್ಲೆ!" ಅವಳು ಕೂಗಿದಳು.

ಪೆಡಲ್ ನೆಲಕ್ಕೆ ಕೂತಿತ್ತು. ಅವಳೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ದಾರಿಬದಿಯ ಹೊಯಿಗೆ ರಾಶಿಗೆ ಗಾಡಿ ನುಗ್ಗಿಸಿ ನಿಲ್ಲಿಸಿದಳು. ಯಾರಿಗೂ ಏನೂ ಆಗಲಿಲ್ಲ. ಅವಳು ಎಂಜಿನ್ ಆರಿಸಿ ಕೆಳಗಿಳಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆ.

ಗಾಡಿಯನ್ನು ಕುಂದಾಪುರದ ಗ್ಯಾರೇಜಿಗೆ ಎಳೆಸಿದೆವು. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದ್ದ ಅಲ್ಲಿನ ಹಿರಿಯ ಮೆಕ್ಯಾನಿಕ್ ಹರಿದ ಪೈಪನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟರು.

"ಗಾಡಿ ಎತ್ತರ ಮಾಡ್ರೆ ಸಾಕಾ ಮಾರಾಯ್ರೆ? ಚಕ್ರ ಕೆಳಗ್ ಇಳ್ದಾಗ ಪೈಪೂ ಇಳೀಬೇಕಲ್ದಾ?"

ಅವರು ಗಾಡಿಯನ್ನು ಜಾಕಿನ ಮೇಲೆತ್ತಿ, ಚಕ್ರಗಳು ಪೂರ್ತಿ ಜೋತುಬಿದ್ದ ಮೇಲೆಯೇ ಅಳತೆ ತೆಗೆದರು. ಉಕ್ಕಿನ ತಂತಿ ಹೆಣೆದ, ಬಳುಕುವ ಉದ್ದದ ಪೈಪುಗಳನ್ನು ತರಿಸಿ ಜೋಡಿಸಿದರು. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಪೈಪು ಟಯರಿಗೆ ಉಜ್ಜುವುದಿಲ್ಲವೆಂದು ನನ್ನ ಹೆಂಡತಿಗೆ ತೋರಿಸಿದರು. ಆಮೇಲೆ ಬ್ರೇಕಿನೊಳಗಿನ ಗಾಳಿ ತೆಗೆಯಲು ಅವಳನ್ನೇ ಸೀಟಿನಲ್ಲಿ ಕೂರಿಸಿದರು.

"ತಂಗೀ, ತುಳಿ... ಹಿಡ್ಕೋ... ಈಗ ಬಿಡ್."

ನಾಲ್ಕೂ ಚಕ್ರಗಳ ಸರದಿ ಮುಗಿಯುವಷ್ಟರಲ್ಲಿ ಅವಳ ಮುಖ ಬೆವತಿತ್ತು. "ಈಗ ಗಟ್ಟಿ ಆಯ್ತ್!" ಎಂದು ನಕ್ಕಳು. ಆ ದಿನದ ಮೊದಲ ನಗು ಅದು.

"ನೀ ಹೇಳ್ದಾಗ ನಾ ಬಗ್ಗಿ ಕಾಣ್ಕಿತ್ತ್," ಎಂದೆ.

"ಇನ್ ಮೇಲೆ ಇಬ್ರೂ ಕಾಂಬ," ಅಂದಳು.

ಖಾಲಿ ಮೈದಾನದಲ್ಲಿ ಹತ್ತಾರು ಸಲ ಓಡಿಸಿ, ನಿಲ್ಲಿಸಿ ನೋಡಿದ ಮೇಲೆಯೇ ರಸ್ತೆಗಿಳಿದೆವು. ಕೆಲವು ವಾರ ನಾನು ಪಕ್ಕದಲ್ಲಿ ಕೂತು ಹೋದೆ. ಒಂದು ಬೆಳಿಗ್ಗೆ ಅವಳು ಮೀನು ತುಂಬಿಕೊಂಡು ಒಬ್ಬಳೇ ಬೈಂದೂರಿಗೆ ಹೊರಟಳು. ಮಧ್ಯಾಹ್ನ ಮರಳಿದಾಗ ಪಕ್ಕದ ಸೀಟಿನಲ್ಲಿ, ಅವಳ ಜೊತೆ ಮೀನು ಮಾರುವ ನೆರೆಮನೆಯ ಹೆಂಗಸಿದ್ದಳು.

"ಅಣ್ಣಾ, ಅಕ್ಕ ನಂಗೂ ಗಾಡಿ ಬಿಡುಕೆ ಕಲ್ಸಿ ಕೊಡ್ತ್ರಂಬ್ರ್!"

ನಾನು ಹೆಂಡತಿಯ ಮುಖ ನೋಡಿದೆ. ಖಾಲಿ ಪೆಟ್ಟಿಗೆಗಳನ್ನು ಇಳಿಸುತ್ತಲೇ ಅವಳೆಂದಳು: "ನಾಳಿಂದ್ಲೇ ಶುರು."