ಬೋರ್ಡಿನ ಕೊನೆಯ ಅಕ್ಷರ

ಅಂದು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಸಿಂದಗಿಯ ಬಜಾರದಲ್ಲಿ ನಮ್ಮ ಮನೆಯ ಎದುರಿಗೇ ಇಮಾಮಸಾಬರ ಅರಿವೆ ಅಂಗಡಿ. ಅದರ ಮುಂದೆ ನಾಲ್ಕೈದು ಜನ ಸಾಗವಾನಿಯ ಭಾರೀ ಬೋರ್ಡಿಗೆ ಹಗ್ಗ ಬಿಗಿಯುತ್ತಿದ್ದರು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕಟ್ಟಿಗೆಯಲ್ಲಿ ಕೊರೆದು ಮೊಳೆ ಹೊಡೆದಿದ್ದರು: ‘ಇಮಾಮಸಾಬ್ ಆ್ಯಂಡ್ ಸನ್ಸ್’.

ಕಾನ್ವೆಂಟಿನಲ್ಲಿ ಕಲಿತವಳೆಂದು ತಿಂಗಳ ಹಿಂದೆ ಇಮಾಮಸಾಬರು ಬೋರ್ಡಿನ ಬರಹದ ಬಗ್ಗೆ ನನ್ನನ್ನೇ ಕೇಳಿದ್ದರು. ಒಬ್ಬನೇ ಮಗನಾದರೆ ಕೊನೆಯ ‘ಎಸ್’ ಬೇಡವೆಂದಿದ್ದೆ. “ಇರಲಿ ಬಿಡ್ರಿ ಅಕ್ಕಾರ, ಇನ್ನೊಬ್ಬ ಬರಾಕತ್ತಾನ,” ಎಂದು ನಕ್ಕಿದ್ದರು. ಆ ಗಂಡುಕೂಸು ಮೊನ್ನೆ ಹುಟ್ಟಿತು, ಅಳಲೇ ಇಲ್ಲ. ತಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮಲಗಿದ್ದಳು. ಕಿಟಕಿಗೆ ಅವಳ ಹಸಿರು ಸೀರೆಯನ್ನೇ ಪರದೆ ಕಟ್ಟಿದ್ದರು.

ಬಡಿಗೇರ ಮೌನಪ್ಪ ಇಕ್ಕಳ ಹಿಡಿದುಕೊಂಡು ಮೆಲ್ಲಗೆ ಕೇಳಿದ: “ಸಾವ್ಕಾರ್ರ, ಕಡೀ ಅಕ್ಷರ ಈಗ ಕಿತ್ತಬಿಡ್ಲೇನ್ರಿ? ಏರಿಸಿದ ಮ್ಯಾಲೆ ಕೈಗೆ ಸಿಗೂದಿಲ್ಲ.”

ಇಮಾಮಸಾಬರು ಕಿಟಕಿಯತ್ತ ನೋಡಿದರು. “ಬ್ಯಾಡಪಾ. ಅಂವ ಹುಟ್ಟಿದ್ದು ಖರೇ ಐತಿ.”

ತಾವೂ ಹಗ್ಗಕ್ಕೆ ಕೈಹಚ್ಚಿದರು. ಬೋರ್ಡು ಕಿರುಗುಟ್ಟುತ್ತ ಮೇಲೇರಿತು. ನನ್ನ ಮೊರದಲ್ಲಿನ ಜೋಳ ಹಾಗೇ ಉಳಿಯಿತು.

ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಮಾಸ್ತರರು ಕಟ್ಟೆಯ ಮೇಲೆ ನಿಂತು ಬೋರ್ಡು ಓದಿ ನನ್ನತ್ತ ತಿರುಗಿದರು. “ಸಾವ್ಕಾರ್ರಿಗೆ ಒಬ್ಬನೇ ಮಗ ಅಂದಿದ್ರೆಲ್ಲರಿ? ಒಂದು ‘ಎಸ್’ ಹೆಚ್ಚಾಗೇತಿ ನೋಡ್ರಿ,” ಎಂದು ಒಳಗೆ ಹೋದರು.