ರೊಟ್ಟಿ ಬಡಿಯಲೊಂದು ಜಪಾನಿ ಹಾಡು

ಕಳೆದ ಮಂಗಳವಾರ ಬೆಳಿಗ್ಗೆ ಶಿಕಾಗೋ ಹತ್ತಿರದ ನೇಪರ್‌ವಿಲ್‌ನ ಮನೆಯಿಂದ ಓಕ್ ಬ್ರೂಕ್‌ನ ಆಫೀಸಿಗೆ ಹೊರಟಿದ್ದೆ. ಕೆಂಪು ದೀಪಕ್ಕೆ ಕಾರು ನಿಲ್ಲಿಸಿದಾಗ ಎದುರಿನ ಪರದೆಯ ಮೇಲೆ ಒಂದು ಸಾಲು ಮೂಡಿತು. ಈ ವಾರ ಬಿಡುಗಡೆಯಾದ ಹೊಸ ಜಪಾನಿ ಹಾಡುಗಳಿವೆ, ನಿಮಗೆ ಹಿಡಿಸಬಹುದು ಎಂದು. ನನಗೆ ಜಪಾನಿ ಭಾಷೆಯ ಒಂದಕ್ಷರ ಬರುವುದಿಲ್ಲ. ಮೈಸೂರಿನಲ್ಲಿ ಬೆಳೆದ ನನಗೆ ಭಾವಗೀತೆ, ಹಳೆಯ ಸಿನಿಮಾ ಹಾಡು ಬಿಟ್ಟರೆ ಬೇರೆ ರುಚಿ ಹತ್ತಲೇ ಇಲ್ಲ. ಆದರೂ ನನ್ನ ಫೋನು ಯಾವ ವಾರವೂ ಈ ಶಿಫಾರಸನ್ನು ಮರೆಯುವುದಿಲ್ಲ. ಆ ಹಾಡುಗಳನ್ನು ಕೇಳುತ್ತಿದ್ದವರು ನಾನಲ್ಲ, ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಆಂಟಿ ಎಂದು ಅದಕ್ಕೆ ಯಾರು ಹೇಳಬೇಕು...

ಆಗ ನಾವು ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿದ್ದೆವು. ಆಂಟಿಯ ಮನೆ ನಮ್ಮ ಸಬ್‌ಡಿವಿಷನ್ನಿನಲ್ಲೇ, ಎರಡು ಮನೆ ಆಚೆ. ಗದಗದ ಕಡೆಯವರು. ಅಂಕಲ್ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಕೆಲಸದ ಮೇಲೆ ಹಿಂದೊಮ್ಮೆ ಸಂಸಾರ ಸಮೇತ ಜಪಾನಿನಲ್ಲಿ ಇದ್ದು ಬಂದಿದ್ದರಂತೆ. ಒಬ್ಬಳೇ ಮಗಳು ಅಲ್ಲಿನ ಹಾಡುಗಳಿಗೆ ಮರುಳಾದವಳು, ಕಾಲೇಜು ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋಗಿ ನೆಲೆಸಿದಳು. ಅದಕ್ಕೆ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಅಂಕಲ್ ಹಠಾತ್ತಾಗಿ ತೀರಿಕೊಂಡಾಗ. ಮಗಳಿಗೆ ಟಿಕೆಟ್ ಸಿಗುವಷ್ಟರಲ್ಲಿ ಇಲ್ಲಿ ಸಂಸ್ಕಾರ ಮುಗಿದಿತ್ತು. ಅಲ್ಲಿನ ಏರ್‌ಪೋರ್ಟಿನಿಂದ ಅವಳು ಫೋನ್ ಮಾಡಿದಾಗ ಆಂಟಿ, “ಇನ್ನ ಬಂದು ಯಾರ ಮಾರಿ ನೋಡ್ತಿ? ಬರಬ್ಯಾಡ” ಅಂದುಬಿಟ್ಟರು. ಅವಳು ಅಲ್ಲಿಂದಲೇ ವಾಪಸು ಹೋದಳು. ನಮ್ಮ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಬರಬೇಡ ಎಂದರೆ ಬಿದ್ದಂಬೀಳ ಓಡಿ ಬರಬೇಕು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅದು ಹೇಗೆ ಗೊತ್ತಾಗಬೇಕು? ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು, ತಾಯಿಗೂ ಹಾಗೇ, ಮಗಳಿಗೂ ಹಾಗೇ.

ಮಗಳು ಅಲ್ಲಿ ಇಂಗ್ಲಿಷಿನಲ್ಲಿ ಒಂದು ಪಾಡ್‌ಕಾಸ್ಟ್ ನಡೆಸುತ್ತಿದ್ದಳು. ವಾರ ವಾರ ಹೊಸದಾಗಿ ಬಂದ ಜಪಾನಿ ಪಾಪ್ ಹಾಡುಗಳಲ್ಲಿ ಕೇಳಲೇಬೇಕಾದವು ಯಾವುವು ಎಂದು ಹೇಳುವ ಕಾರ್ಯಕ್ರಮ. ಅಲ್ಲಿ ಹೊಸ ಹಾಡುಗಳು ಬರುವುದು ಹೆಚ್ಚಾಗಿ ಬುಧವಾರ ಹುಟ್ಟುವ ಹೊತ್ತಿಗೆ, ಅವಳ ಕಾರ್ಯಕ್ರಮವೂ ಆಗಲೇ. ನಮಗೆ ಅದು ಇನ್ನೂ ಮಂಗಳವಾರದ ಬೆಳಗು. ಆಂಟಿಗೆ ಫ್ರೀವೇ ಎಂದರೆ ಭಯ, ಅಲ್ಲಿ ಡ್ರೈವ್ ಮಾಡುತ್ತಿದ್ದುದೆಲ್ಲ ಅಂಕಲ್. ಅವರು ಹೋದ ಮೇಲೆ ಮಂಗಳವಾರದ ದಿನಸಿ ಅಂಗಡಿಗೆ ನಾನೇ ಕರೆದೊಯ್ಯುತ್ತಿದ್ದೆ. ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ “ಹಚ್ಚವಾ ಅದನ್ನ” ಎನ್ನುತ್ತಿದ್ದರು. ಮಗಳ ದನಿ ಕಾರಿನ ತುಂಬ ಹರಡುತ್ತಿತ್ತು.

“ನಿಮಗೆ ಈ ಹಾಡು ಅರ್ಥ ಆಗುತ್ತಾ ಆಂಟಿ?” ಎಂದು ಒಮ್ಮೆ ಕೇಳಿದ್ದೆ.

“ಹಾಡ ಯಾರಿಗೆ ಬೇಕಾಗೇತಿ? ಆಕಿ ದನಿ ಕೇಳಸ್ತೈತಲ್ಲ. ನೆಗಡಿ ಆಗೇತಿ ನೋಡು ಈ ವಾರ.” ಆಮೇಲೆ ತಾವೇ ನಕ್ಕು, “ಹೆತ್ತವರಿಗೆ ಹೆಗ್ಗಣ ಮುದ್ದು” ಅಂದರು.

ಆ ಕಾರ್ಯಕ್ರಮಕ್ಕೆ ಕೇಳುಗರು ಬರೆದು ತಮಗೆಂಥ ಹಾಡು ಬೇಕೆಂದು ಹೇಳಬಹುದಿತ್ತು. ಓದಲಿಕ್ಕೆ, ಓಡಲಿಕ್ಕೆ, ನಿದ್ದೆಗೆ, ಹೀಗೆ. ಒಂದು ದಿನ ಅಂಗಡಿಯ ಪಾರ್ಕಿಂಗಿನಲ್ಲಿ ಆಂಟಿ ಇದ್ದಕ್ಕಿದ್ದಂತೆ, “ನೀ ಬರೀತಿ ಏನ? ರೊಟ್ಟಿ ಬಡಿಯಾಕ ಒಂದು ಹಾಡ ಹೇಳಂತ ಬರಿ. ನನ್ನ ಹೆಸರ ಹಾಕಬ್ಯಾಡ” ಅಂದರು.

“ರೊಟ್ಟಿ ಅಂದ್ರೆ ನೀವೇ ಅಂತ ಅವಳಿಗೆ ಗೊತ್ತಾಗಲ್ವಾ ಆಂಟಿ?”

“ರೊಟ್ಟಿ ಅನಬ್ಯಾಡ. ಬ್ರೆಡ್ ಅಂತ ಬರಿ.”

ಹಾಗೆಯೇ ಬರೆದೆ. ನೋವೈನ ಒಬ್ಬ ಕೇಳುಗರಿಗೆ ಕೈಯಲ್ಲಿ ಬಡಿದು ಮಾಡುವ ಬ್ರೆಡ್ಡಿಗೆ ಹೊಂದುವ ಹೊಸ ಹಾಡು ಬೇಕಂತೆ ಎಂದು. ಕೈಯಲ್ಲಿ ಬಡಿದು ಬ್ರೆಡ್ ಮಾಡುವವರು ಇಡೀ ಮಿಷಿಗನ್ನಿನಲ್ಲಿ ಇನ್ನೆಷ್ಟು ಜನ ಇದ್ದಾರು ಎಂದು ಒಳಗೇ ನಗು ಬಂದಿತ್ತು. ಮುಂದಿನ ಮಂಗಳವಾರ ಮಗಳು ಅದನ್ನು ಓದಿದಳು. ಓದಿ ಸ್ವಲ್ಪ ತಡೆದಳು. ಆಮೇಲೆ ಮಾಮೂಲಿ ದನಿಯಲ್ಲೇ, ಮಿಷಿಗನ್ ನನ್ನ ಊರು, ಅಲ್ಲೀಗ ಹಿಮ ಬೀಳುತ್ತಿರಬೇಕು, ಆ ಅಡುಗೆಮನೆಗೆ ಇದು ಇರಲಿ ಎಂದು ಮೂವರು ಹುಡುಗಿಯರ ಹೊಸ ಹಾಡೊಂದನ್ನು ಹೇಳಿದಳು. ಆಂಟಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅತ್ತಲೇ ನೋಡುತ್ತಾ, “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ” ಅಂದರು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಆಂಟಿ ಹೇಳುವುದು, ನಾನು ಬರೆಯುವುದು, ಮಗಳು ಕೊನೆಯಲ್ಲಿ ಮಿಷಿಗನ್ನಿನ ಅಡುಗೆಮನೆಗೆ ಎಂದು ಒಂದು ಹಾಡು ಆರಿಸುವುದು. ಆಂಟಿ ಮನೆಗೆ ಹೋಗಿ ಹಿಟ್ಟು ನಾದಿ, ಹಾಡು ಹಚ್ಚಿ, ನಿಜವಾಗಿಯೂ ರೊಟ್ಟಿ ಬಡಿದು ನೋಡುತ್ತಿದ್ದರು. ಕಲ್ಲಿನ ಕಟ್ಟೆಯ ಮೇಲೆ ಅಂಗೈಯ ಪಟಪಟ ಸದ್ದು ಡ್ರಮ್ಮಿನ ಜೊತೆ ಕೂಡಿದರೆ ಹಾಡು ಪಾಸು. ಇಲ್ಲದಿದ್ದರೆ, “ಇದು ಚಪಾತಿ ಹಾಡವಾ. ಕುಂತು ಲಟ್ಟಿಸಬೇಕ.” ಚಳಿಗಾಲ ಕಳೆಯುತ್ತಾ ಬಂದಂತೆ ಜಪಾನಿನಲ್ಲಿ ಶಾಲೆ ಮುಗಿಸಿ ಹೊರಡುವ ಮಕ್ಕಳಿಗಾಗಿ ಚೆರಿ ಹೂವಿನ ಹಾಡುಗಳು ಸಾಲುಗಟ್ಟಿ ಬರುತ್ತವೆ, ಎಲ್ಲವೂ ನಿಧಾನ. “ಮತ್ತ ಹೂವಿನ ಹಾಡ ಬಂತು, ಇನ್ನ ತಿಂಗಳ ತನಕ ರೊಟ್ಟಿ ಇಲ್ಲ” ಎಂದು ಗೊಣಗುತ್ತಿದ್ದರು. ನಮ್ಮ ಅಂಗಳದಲ್ಲಿ ಆಗಿನ್ನೂ ಮೊಣಕಾಲುದ್ದ ಹಿಮ.

ನನಗೆ ಸಿಟ್ಟೂ ಬರುತ್ತಿತ್ತು. ನಂಬರ್ ಕೈಯಲ್ಲೇ ಇದೆ, ಒಂದು ಫೋನ್ ಮಾಡಿದರೆ ಮುಗಿಯಿತು. ಹೇಳಿದರೆ, “ಮಾಡೂಣಂತ. ಮುಂದಿನ ವಾರ ಏನ ಹಾಡ ಹೇಳ್ತಾಳ ನೋಡೂಣು ತಡಿ” ಎನ್ನುವರು. ಹೀಗೆ ಎರಡು ಚಳಿಗಾಲ ದಾಟಿದವು...

ಮೂರನೆಯ ಚಳಿಗಾಲದಲ್ಲಿ ಆಂಟಿಯ ಹೃದಯ ಸೋತಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ತೀರಾ ಚಿಕ್ಕವರಾಗಿ ಕಾಣುತ್ತಿದ್ದರು. ಈ ವಾರ ಏನು ಬರೆಯಲಿ ಎಂದು ಕೇಳಿದೆ. “ಬ್ಯಾಡ. ಕೈಯಾಗ ಶಕ್ತಿ ಇಲ್ಲ. ರೊಟ್ಟಿ ಮಾಡ್ತೀನಂತ ಸುಳ್ಳ ಯಾಕ ಬರಸೂದು.”

“ಅವಳಿಗೆ ತಿಳಿಸ್ಲಾ?”

“ತಿಳಸಬ್ಯಾಡ.”

ಆ ಬೇಡದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಂದು, ನೋವೈನ ಆ ಕೇಳುಗರು ಆಸ್ಪತ್ರೆಯಲ್ಲಿದ್ದಾರೆ ಎಂದು ಅದೇ ವಿಳಾಸಕ್ಕೆ ಬರೆದೆ. ಅಲ್ಲಿ ಎಷ್ಟು ಹೊತ್ತಾಗಿತ್ತೋ ಏನೋ, ನನ್ನ ಕೈಯ ಕಾಫಿ ತಣ್ಣಗಾಗುವ ಮೊದಲೇ “ಹೊರಟೆ” ಎಂದು ಉತ್ತರ ಬಂತು.

“ಬರ್ತಿದಾಳೆ ಆಂಟಿ” ಅಂದೆ.

“ಈ ಹಿಮದಾಗ ಯಾಕ ಬರಾಕ ಹೇಳಿದಿ ಆಕಿಗೆ?” ಎಂದು ನನ್ನನ್ನೇ ಬೈದರು. ಕಣ್ಣು ಮುಚ್ಚಿಕೊಂಡರು. ನಾನು ಎದ್ದು ಹೊರಟಾಗ ಮೆಲ್ಲಗೆ, “ಮನಿಯಾಗ ಜ್ವಾಳದ ಹಿಟ್ಟ ಐತೇನ ನೋಡು” ಅಂದರು. ಇರಲಿಲ್ಲ. ಸಂಜೆ ಹೊಸ ಚೀಲ ತಂದು ಅವರ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದೆ.

ಮಗಳ ವಿಮಾನ ಶಿಕಾಗೋ ತನಕ ಬಂತು. ಅಲ್ಲಿಂದ ಡೆಟ್ರಾಯಿಟಿನ ವಿಮಾನಗಳೆಲ್ಲ ಹಿಮದಿಂದ ರದ್ದಾಗಿದ್ದವು. ಬಾಡಿಗೆ ಕಾರು ತೆಗೆದುಕೊಂಡು ಅವಳೇ ಡ್ರೈವ್ ಮಾಡಿಕೊಂಡು ಹೊರಟಳು. ಅವತ್ತು ಮಂಗಳವಾರ. ಕಾರ್ಯಕ್ರಮವನ್ನು ಅವಳು ನನ್ನ ಸಂದೇಶ ತಲುಪುವ ಮೊದಲೇ ರೆಕಾರ್ಡ್ ಮಾಡಿ ಇಟ್ಟಿದ್ದಳು. ಅದು ತನ್ನ ಹೊತ್ತಿಗೆ ತಾನು ಬಂತು. ಫೋನನ್ನು ಆಂಟಿಯ ದಿಂಬಿನ ಬಳಿ ಇಟ್ಟೆ. ಅವಳು ಹಿಮದ ಹೆದ್ದಾರಿಯಲ್ಲಿ ಮೈಲಿ ಸವೆಸುತ್ತಿದ್ದಳು, ಅವಳ ದನಿ ಇಲ್ಲಿ ಏನೂ ಗೊತ್ತಿಲ್ಲದೆ ನಗುನಗುತ್ತಾ ಮಾತಾಡುತ್ತಿತ್ತು. ಈ ವಾರ ನಾವು ಏನೂ ಬರೆಯದಿದ್ದರೂ ಕೊನೆಯಲ್ಲಿ ಮಿಷಿಗನ್ನಿನ ಅಡುಗೆಮನೆಯ ಹಾಡು ಬಂತು. ಆಂಟಿಯ ಬಲಗೈ ಹೊದಿಕೆಯ ಮೇಲೆ ಮೆತ್ತಗೆ ಬಡಿಯತೊಡಗಿತು. “ಇದು ರೊಟ್ಟಿ ಹಾಡ” ಅಂದರು. ಮಧ್ಯಾಹ್ನ ಹೋದರು. ಮಗಳು ಆಗಿನ್ನೂ ದಾರಿಯಲ್ಲಿದ್ದಳು.

ಸಂಜೆ ಅವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಅಡುಗೆಮನೆಯಲ್ಲಿ ಕೋಟನ್ನೂ ತೆಗೆಯದೆ ಹಿಟ್ಟಿನ ಚೀಲದ ಎದುರು ಕೂತಳು. ನನ್ನ ಕಡೆ ತಿರುಗಿ “ಐ ನ್ಯೂ, ಆಂಟಿ” ಅಂದಳು. ಹಾಡು ಕೇಳುತ್ತಿರುವುದು ಅಮ್ಮನೇ ಎಂದು ಮೊದಲ ಸಂದೇಶದಲ್ಲೇ ಅವಳಿಗೆ ಗೊತ್ತಾಗಿತ್ತಂತೆ. ಚಿಕ್ಕಂದಿನಲ್ಲಿ ದಿನವೂ ಆ ಪಟಪಟ ಸದ್ದಿಗೇ ಎಚ್ಚರವಾಗುತ್ತಿದ್ದವಳು ಅವಳು. ಆ ಸದ್ದನ್ನು ನೆನೆದೇ ಪ್ರತಿ ವಾರ ಬಂದ ಹೊಸ ಹಾಡುಗಳನ್ನೆಲ್ಲ ಕೇಳಿ ಒಂದನ್ನು ಆರಿಸುತ್ತಿದ್ದಳಂತೆ.

“ಮತ್ತೆ ಫೋನ್ ಯಾಕೆ ಮಾಡ್ಲಿಲ್ಲಮ್ಮ?” ಎಂದು ಕೇಳಿದೆ.

ಅವಳು ಇಂಗ್ಲಿಷಿನಲ್ಲಿ, ತಡೆತಡೆದು ಹೇಳಿದಳು. ಅಮ್ಮ ಪ್ರತಿ ವಾರ ಏನಾದರೂ ಕೇಳುತ್ತಿದ್ದಳು, ನಾನು ಪ್ರತಿ ವಾರ ಕೊಡುತ್ತಿದ್ದೆ. ಫೋನ್ ಮಾಡಿದರೆ ಮತ್ತೆ ಜಗಳವಾಗಿ ಕೇಳುವುದನ್ನೇ ನಿಲ್ಲಿಸಿಬಿಟ್ಟಾಳೇನೋ ಎಂದು ಹೆದರಿದೆ. ನಾವು ಮಾತಾಡುತ್ತಲೇ ಇದ್ದೇವೆ ಅಂದುಕೊಂಡಿದ್ದೆ...

ನಾನು ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಮನೆ ಮಾರಿ ಅವಳು ಹಿಂತಿರುಗಿದಳು. ನಾವು ಈ ಕಡೆ ಬಂದೆವು. ಕೆಲವು ತಿಂಗಳು ನಿಂತಿದ್ದ ಕಾರ್ಯಕ್ರಮ ಮತ್ತೆ ಶುರುವಾಗಿದೆ. ಅಡುಗೆಮನೆಯ ಹಾಡು ಮಾತ್ರ ಈಗ ಇಲ್ಲ. ನಾನು ಏನನ್ನೂ ಬರೆದು ಕೇಳಿಲ್ಲ, ಕೇಳಲು ನನಗೆ ರೊಟ್ಟಿ ಬಡಿಯಲೂ ಬಾರದು.

ಆ ಮಂಗಳವಾರ ಕೆಂಪು ದೀಪ ಹಸಿರಾಗಿ, ಹಿಂದಿನವನು ಹಾರ್ನ್ ಹೊಡೆದ ಗಡಿಬಿಡಿಯಲ್ಲಿ ಪರದೆಯ ಮೇಲೆ ಬೆರಳು ತಾಕಿ ಹಾಡು ಶುರುವಾಯಿತು. ಯಾರೋ ಹೊಸ ಹುಡುಗಿಯ ಚುರುಕು ದನಿ, ಕೆಳಗೆ ಓಡುವ ಡ್ರಮ್ಮು. ಸ್ಟಿಯರಿಂಗಿನ ಮೇಲಿದ್ದ ನನ್ನ ಅಂಗೈ ತಾನೇ ಬಡಿಯತೊಡಗಿತ್ತು. ಪಕ್ಕಕ್ಕೆ ತಿರುಗಿ, “ರೊಟ್ಟಿದಾ, ಚಪಾತಿದಾ ಆಂಟಿ?” ಎಂದು ಕೇಳಿಯೂಬಿಟ್ಟೆ. ಸೀಟಿನಲ್ಲಿ ನನ್ನ ಊಟದ ಡಬ್ಬಿ ಇತ್ತು.