ತಪ್ಪು ದಾರ ಉಳಿಸಿಕೊಟ್ಟ ವರ್ಷಗಳು

ಬೆಳಗಿನ ಆರೂವರೆ. ಪರೀಕ್ಷಾ ಕಚೇರಿಯ ಮೇಲಿನ ಮೂರು ಮಹಡಿಗೂ ಇನ್ನೂ ಬೀಗ. ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಒಬ್ಬ ಹೆಂಗಸು ಸ್ವೆಟರಿನ ತೋಳು ಮೇಲೇರಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹಳೆಯ ಅರ್ಜಿಯೊಂದರ ಮೇಲೆ ಬೆರಳಿಟ್ಟು ಕೂತಿದ್ದಾರೆ.

“ಹಲೋ, ಬೇಕರಿನಾ? ಬೆಳಬೆಳಗ್ಗೆ ತೊಂದ್ರೆ ಕೊಡ್ತಾ ಇದೀನಿ, ಬೇಜಾರು ಮಾಡ್ಕೋಬೇಡಿ. ಹದಿನೈದು ವರ್ಷದ ಹಿಂದೆ ನಿಮ್ಮ ಪಕ್ಕದ ಮನೇಲಿ ಒಂದು ಹುಡುಗಿ ಇದ್ಲಲ್ಲ, ಬೇರೆ ದೇಶಕ್ಕೆ ಹೋಗಿ ಓದ್ಕೊಂಡು ಬಂದಿದ್ಲು…”

ಆ ಕಡೆಯವರು ಫೋನ್ ಇಟ್ಟುಬಿಡುತ್ತಾರೆ. ಇವರಿಗೆ ಕೋಪವಿಲ್ಲ. “ಹಿಟ್ಟು ಕಲಸೋ ಹೊತ್ತು, ಪಾಪ. ಇನ್ನೊಂದು ಗಳಿಗೆ ಬಿಟ್ಟು ಮಾಡ್ತೀನಿ” ಎನ್ನುತ್ತಾ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಎಂಟು ಹೊಡೆದರೆ ಎಲ್ಲರೂ ಕೆಲಸಕ್ಕೆ ಹೊರಟುಬಿಡುತ್ತಾರೆ, ಆಮೇಲೆ ಯಾರೂ ಕೈಗೆ ಸಿಗುವುದಿಲ್ಲ ಎಂಬುದು ಅವರ ಅನುಭವ.

ಕಚೇರಿಗೆಲ್ಲ ಇವರು ಗಂಟಕ್ಕ. ಇಪ್ಪತ್ತೇಳು ವರ್ಷದಿಂದ ಕಡತಗಳಿಗೆ ಗಂಟು ಹಾಕುತ್ತಿರುವುದರಿಂದ ಅಂಟಿದ ಹೆಸರು. ದಿನಕ್ಕೆ ಅರವತ್ತು ಎಪ್ಪತ್ತು ಕಡತ ತೆಗೆಯಬೇಕು, ಅಷ್ಟನ್ನೇ ಮರಳಿ ಇಡಬೇಕು, ಏಣಿಯನ್ನು ಕಡಿಮೆಯೆಂದರೂ ನಲವತ್ತು ಸಲ ಹತ್ತಿಳಿಯಬೇಕು. ಮಂಡಿ ನೋವಿಗೆ ಪಟ್ಟಿ ಸುತ್ತಿಕೊಂಡಿದ್ದಾರೆ. ಧೂಳಿಗೆ ಸೀನು ಬಂದರೆ ನಿಲ್ಲುವುದೇ ಇಲ್ಲ. ಮನೆಯಲ್ಲಿ ಅವರ ಅತ್ತೆಗೆ ಇದೆಲ್ಲ ತಮಾಷೆ. “ನಮ್ಮ ಸೊಸೆ ಈರುಳ್ಳಿ ಚೀಲಕ್ಕೂ ಎರಡು ಸುತ್ತು ಹಾಕಿ ಗಂಟು ಬಿಗೀತಾಳೆ. ಸಾರು ಮಾಡೋ ಹೊತ್ತಿಗೆ ಕತ್ತರಿ ಹುಡುಕೋಳು ನಾನು” ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳುವಾಗ ಮುಖ ಮಾತ್ರ ಹೆಮ್ಮೆಯಿಂದ ಅರಳಿರುತ್ತದೆ.

ದಾಖಲೆ ಕೋಣೆಗೆ ದಾರದ್ದೇ ಒಂದು ಕಾನೂನು. ನೀಲಿ ದಾರ ಕಟ್ಟಿದ ಕಡತ ಉಳಿಯಬೇಕು. ಬಿಳಿ ದಾರದ್ದು ಎರಡು ವರ್ಷ ಕಳೆದರೆ ಚೂರು ಮಾಡುವ ಯಂತ್ರಕ್ಕೆ. ತಿರಸ್ಕೃತ ಅರ್ಜಿಗಳಿಗೆ ಬಿಳಿ. ಹದಿನೆಂಟು ವರ್ಷದ ಹಿಂದೆ ಒಮ್ಮೆ ಬಿಳಿ ದಾರ ಮುಗಿದು, ಉಗ್ರಾಣದವರು ಇವತ್ತು ನಾಳೆ ಎಂದು ಸತಾಯಿಸಿದಾಗ, ಗಂಟಕ್ಕ ಒಂದು ಕಪಾಟಿನ ತಿರಸ್ಕೃತ ಅರ್ಜಿಗಳಿಗೆ ನೀಲಿಯನ್ನೇ ಸುತ್ತಿಬಿಟ್ಟರು. ಬಿಳಿ ಬಂದಮೇಲೆ ಬದಲಿಸುವುದು ಮರೆತೇ ಹೋಯಿತು. ಆ ಕಪಾಟಿಗೆ ಸೇರುವ ಹೊಸ ಅರ್ಜಿಗಳಿಗೂ, ಪಕ್ಕದ್ದನ್ನು ನೋಡಿಕೊಂಡು, ನೀಲಿಯೇ ಬಿತ್ತು.

ಆ ಅರ್ಜಿಗಳೆಲ್ಲ ಒಂದೇ ಬಗೆಯವು. ವಿನಿಮಯ ಯೋಜನೆಯಲ್ಲಿ ಬೇರೆ ದೇಶದ ಶಾಲೆಯಲ್ಲಿ ಒಂದು ವರ್ಷ ಓದಿ ಬಂದ ಮಕ್ಕಳು, ಆ ವರ್ಷವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿದ್ದವು. ಹಿಡಿಯಲು ಕಾನೂನಿರಲಿಲ್ಲ. ಕಿಟಕಿಯಲ್ಲಿ ಕೂತು ಅದನ್ನು ತಿಳಿಸುವ ಕೆಲಸವೂ ಆಗ ಗಂಟಕ್ಕನದೇ. “ಆರ್ಡರ್ ಮೇಲಿನೋರದ್ದು, ಒಪ್ತೀನಿ. ಆದ್ರೆ ‘ತಿರಸ್ಕೃತ’ ಅಂತ ಸೀಲು ಒತ್ತಿದ ಕೈ ನಂದೇ ಅಲ್ವಾ? ಎಷ್ಟೋ ಮಕ್ಳು ಮತ್ತೆ ಅದೇ ಕ್ಲಾಸಲ್ಲಿ ಕೂತ್ರು. ಕೆಲವು ಓದೇ ಬಿಟ್ಬಿಟ್ವು.”

ಮೂರು ವರ್ಷದ ಹಿಂದೆ ತಪಾಸಣೆಯಲ್ಲಿ ಆ ಕಪಾಟು ಸಿಕ್ಕಿಬಿತ್ತು. ಕಾರಣ ಕೇಳಿ ನೋಟಿಸು ಬಂತು. ಅವರು ಉತ್ತರ ಬರೆಯುತ್ತಿದ್ದ ವಾರದಲ್ಲೇ, ವಿದೇಶಿ ಶಿಕ್ಷಣ ವಿನಿಮಯದ ಮಸೂದೆ ಪರಿಶೀಲಿಸುತ್ತಿದ್ದ ಶಾಸಕರ ಸಮಿತಿ ಇಲಾಖೆಯನ್ನು ಕೇಳಿತು: ಇದರಿಂದ ನಿಜವಾಗಿ ತೊಂದರೆಯಾದವರು ಎಷ್ಟು ಮಂದಿ? ಪುರಾವೆ ಎಲ್ಲಿ? ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಗಂಟಕ್ಕ ತಳ್ಳುಗಾಡಿಯಲ್ಲಿ ನೂರ ಎಂಬತ್ತಾರು ಕಡತ ಹೇರಿಕೊಂಡು ಮೇಲೆ ಬಂದರು.

ಮಸೂದೆ ಕಾಯ್ದೆಯಾಯಿತು. ಹೊರಗೆ ಓದಿದ ವರ್ಷ ಈಗ ಲೆಕ್ಕಕ್ಕಿದೆ. ಅದಕ್ಕಿಂತ ದೊಡ್ಡದು, ಹಿಂದೆ ತಿರಸ್ಕೃತರಾದವರೂ ಎರಡು ವರ್ಷದೊಳಗೆ ಬಂದು ಸಹಿ ಹಾಕಿದರೆ ಪ್ರಮಾಣಪತ್ರ ಪಡೆಯಬಹುದು. “ಆ ಒಂದು ಸಾಲು ಸೇರಿಸಿದೋರು ಯಾರೋ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ” ಎಂದು ಗಂಟಕ್ಕ ಕೈ ಮುಗಿಯುತ್ತಾರೆ. ಮಂದಿಯನ್ನು ಹುಡುಕಿ ಎಂದು ಕಾಯ್ದೆ ಯಾರಿಗೂ ಹೇಳಿಲ್ಲ. ಹುಡುಕುತ್ತಿರುವುದು ಇವರ ಸ್ವಂತ ಉಸಾಬರಿ. ನೂರ ಎಂಬತ್ತೈದು ಮುಗಿದಿವೆ. ಇಬ್ಬರು ತೀರಿಕೊಂಡಿದ್ದರು, ಅವರ ಪರವಾಗಿ ಅಮ್ಮಂದಿರು ಬಂದು ಸಹಿ ಹಾಕಿ, ಪತ್ರಗಳನ್ನು ಎದೆಗವಚಿಕೊಂಡು ಹೋದರು. ಉಳಿದದ್ದು ಒಂದು. ಗಡುವು ನಾಳೆ ಸಂಜೆಗೆ.

ಏಳೂಕಾಲಿಗೆ ಮತ್ತೆ ಬೇಕರಿಗೆ ಫೋನು. ಈ ಸಲ ಬೇಕರಿಯ ಯಜಮಾನರು ಸಮಾಧಾನದಲ್ಲಿದ್ದಾರೆ. “ಓ, ಆ ಹುಡುಗಿನಾ? ಈಗ ಶಾಲೆ ವ್ಯಾನು ಓಡಿಸ್ತಾಳಮ್ಮ. ದಿನಾ ನಮ್ಮಲ್ಲೇ ಬನ್ನು ತಗೊಳ್ಳೋದು. ಹೇಳ್ತೀನಿ ಬಿಡಿ.” “ನಾಳೆ ಸಂಜೆಯೊಳಗೆ ಬರ್ಲಿ” ಎಂದು ಎರಡೆರಡು ಸಲ ಹೇಳಿ ಗಂಟಕ್ಕ ಫೋನಿಡುತ್ತಾರೆ.

ಮರುದಿನ ಹನ್ನೊಂದು ಗಂಟೆ. ಮಕ್ಕಳನ್ನು ಶಾಲೆಗೆ ಬಿಟ್ಟು, ವ್ಯಾನಿನ ಕೀಲಿ ಕೈಯಲ್ಲೇ ಹಿಡಿದು, ಮೂವತ್ತು ದಾಟಿದ ಆಕೆ ಮೆಟ್ಟಿಲಿಳಿದು ಬರುತ್ತಾರೆ. ಆ ಒಂದು ವರ್ಷ ಲೆಕ್ಕಕ್ಕೆ ಬರದೆ ಅವರ ಶಾಲೆಯೇ ಮುಗಿದಿರಲಿಲ್ಲ. ಶಿಶುವಿಹಾರದ ಶಿಕ್ಷಕಿ ತರಬೇತಿಗೆ ಎರಡು ಸಲ ಅರ್ಜಿ ಹಾಕಿ ವಾಪಸಾಗಿದ್ದಾರೆ. ಕೀಲಿಯನ್ನು ಮೇಜಿನ ಮೇಲಿಟ್ಟು ಸಹಿ ಹಾಕುತ್ತಾರೆ. ಗಂಟಕ್ಕ ಹೊಸ ಸೀಲು ಒತ್ತಿ, ಊದಿ ಆರಿಸಿ, ಪತ್ರವನ್ನು ಎರಡೂ ಕೈಯಲ್ಲಿ ಕೊಡುತ್ತಾರೆ.

“ಅವತ್ತು ಕಿಟಕೀಲಿ ಇದ್ದೋರು ನೀವೇ ಅಲ್ವಾ?”

ಗಂಟಕ್ಕನ ಮುಖ ಇಳಿಯುತ್ತದೆ. “ಹೌದಮ್ಮ. ನಾನೇ. ತಪ್ಪಾಯ್ತು.”

“ಅಯ್ಯೋ, ತಪ್ಪೇನಕ್ಕ! ಆಗಲ್ಲ ಅಂತ ಎಲ್ರೂ ಅಂದ್ರು. ಹಾಗಂದ ಮೇಲೂ ಸ್ಟೂಲು ಎಳೆದು ಕೂರಿಸಿದ್ದು ನೀವೊಬ್ರೇ. ಅಪ್ಪನಿಗೆ ಹೇಗೆ ಹೇಳೋದು ಅಂತ ಅರ್ಧ ಗಂಟೆ ನನ್ನ ಜೊತೆ ಕೂತು ಯೋಚ್ನೆ ಮಾಡಿದ್ರಿ.”

“ನಂಗದು ನೆನಪೇ ಇಲ್ವಲ್ಲಮ್ಮ.”

“ನಂಗಿದೆ” ಎನ್ನುತ್ತಾರೆ ಆಕೆ.